ಮದ್ದು ಕೊಡುವವರು ಕಲಿತ ಬಗೆ

ನಾನು ಚಿಕ್ಕವನಿದ್ದಾಗ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುವಾಗ ಮನೆಯಿಂದಲೇ ಒಂದು ಖಾಲಿ ಸೀಸೆ ತಗೊಂಡು ಹೋಗಬೇಕಾಗಿತ್ತು. ಅವ್ವ ಅದನ್ನು ಬೂದಿ ಹಾಕಿ ತೊಳೆದು, ಬಿಸಿಲಿಗೆ ಒಣಗಿಸಿ, ಸೆರಗಿನಲ್ಲಿ ಸುತ್ತಿಕೊಳ್ತಿದ್ದಳು. ಪಲ್ಲಡಕ್ಕೆ ಹೋಗೋದು ಅಂದ್ರೆ ಗಾಡಿ ಸಿಕ್ಕಿದರೆ ಗಾಡಿ, ಇಲ್ಲದಿದ್ದರೆ ನಡಿಗೆ. ಡಾಕ್ಟರು ನಾಡಿ ಹಿಡಿದು, ನಾಲಗೆ ನೋಡಿ, ಒಂದು ಚೀಟಿ ಗೀಚಿ ಕೊಡೋರು. ಆ ಚೀಟಿ ತಗೊಂಡು ಗೋಡೆಯ ಕಿಂಡಿಯ ಹತ್ತಿರ ನಿಲ್ಲಬೇಕು. ಕಿಂಡಿಯ ಆ ಕಡೆ ಕಾಂಪೌಂಡರ್ ಇರೋರು.

ಕಾಂಪೌಂಡರು ಚೀಟಿ ಓದಿ, ದೊಡ್ಡ ದೊಡ್ಡ ಜಾಡಿಗಳಿಂದ ಅಳತೆ ಗ್ಲಾಸಿಗೆ ಸುರಿದು, ಬೆರೆಸಿ, ನಮ್ಮ ಸೀಸೆಗೆ ತುಂಬುತ್ತಿದ್ದರು. ಆಮೇಲೆ ಒಂದು ಕಾಗದದ ಪಟ್ಟಿ ತಗೊಂಡು ಅದರ ಅಂಚನ್ನು ಕತ್ತರಿಯಲ್ಲಿ ಕಚ್ಚು ಕಚ್ಚಾಗಿ ಕತ್ತರಿಸಿ ಸೀಸೆಯ ಮೈಗೆ ಅಂಟಿಸೋರು. ಒಂದು ಕಚ್ಚಿಗೆ ಒಂದು ಹೊತ್ತಿನ ಮದ್ದು. ನಮ್ಮವ್ವನಿಗೆ ಒಂದಕ್ಷರ ಬರ್ತಿರಲಿಲ್ಲ. ಆದರೆ ಕಚ್ಚು ನೋಡಿ ಕುಡಿಸೋದು ಬರ್ತಿತ್ತು. ಮೂರು ದಿನಕ್ಕೆ ಸೀಸೆ ಖಾಲಿ, ಜ್ವರ ಬಿಡ್ತು. ಡಾಕ್ಟರ ಮುಖಕ್ಕಿಂತ ಆ ಕಾಂಪೌಂಡರ ಕೈ ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ.

ಅವರು ಎಲ್ಲಿ ಓದಿದ್ದರು? ಎಲ್ಲೂ ಇಲ್ಲ. ಹುಡುಗನಾಗಿದ್ದಾಗ ಜಾಡಿ ತೊಳೆಯೋಕೆ ಸೇರಿಕೊಂಡು, ಹಳೆಯ ಕಾಂಪೌಂಡರ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ಕಲಿತವರು ಅಂತ ದೊಡ್ಡವರು ಹೇಳೋರು. ನಾನು ಕೋಲಾಟದ ಪದ ಕಲಿತದ್ದೂ ಹಾಗೇ, ಮುಂದೆ ಹಾಡುವವರ ಹಿಂದೆ ನಿಂತು. ಪದದಲ್ಲಿ ತಪ್ಪಿದರೆ ಜನ ನಗ್ತಾರೆ. ಮದ್ದಿನಲ್ಲಿ ತಪ್ಪಿದರೆ ಹಾಗಲ್ಲ.

ಇದೆಲ್ಲ ನೆನಪಾದದ್ದು ನನ್ನ ತಮ್ಮನ ಮಗಳಿಂದ. ಅವಳು ಬಿ.ಫಾರ್ಮ್ ಮುಗಿಸಿದ್ದಾಳೆ. ಈ ವರ್ಷ ಡಿಗ್ರಿಯ ಮೇಲಿನ ತರಬೇತಿಗೆ ಜಾಗ ಕೇಳಿ ಅರ್ಜಿ ಹಾಕುತ್ತಿದ್ದಳು. ಜಗುಲಿ ತುಂಬ ಕಾಗದ ಹರಡಿಕೊಂಡು ಕೂತಿದ್ದಾಗ ನಾನು, “ನಾಲ್ಕು ವರ್ಷ ಓದಿ ಆಯಿತಲ್ಲಮ್ಮಾ, ಇನ್ನೇನು ಕಲಿಯೋದು?” ಅಂದೆ. ಅವಳು, “ದೊಡ್ಡಪ್ಪ, ಇಷ್ಟು ದಿನ ಮದ್ದಿನ ವಿಷಯ ಕಲಿತೆ. ಮದ್ದು ತಿನ್ನೋರ ಪಕ್ಕ ಇನ್ನೂ ನಿಂತಿಲ್ಲ” ಅಂದಳು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅವಳ ಪುಸ್ತಕಗಳಿಂದ ಅವಳು ಓದಿ ಹೇಳಿದ್ದು, ನಾನು ಕೇಳಿ ತಿಳಿದದ್ದು ಎಲ್ಲ ಸೇರಿಸಿ, ನಮ್ಮ ದೇಶದಲ್ಲಿ ಮದ್ದು ಕೊಡುವವರು ಹೇಗೆ ಕಲಿಯುತ್ತ ಬಂದರು ಅನ್ನೋದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ನೂರು ವರ್ಷ ಹಿಂದಕ್ಕೆ ಹೋಗೋಣ. ಆಗ ಮಲೇರಿಯಾ ಜ್ವರ ಊರೂರನ್ನೇ ಮಲಗಿಸ್ತಿತ್ತು. ಅದಕ್ಕೆ ಮದ್ದು ಕ್ವಿನೈನ್. ಅದು ಸಿಂಕೋನಾ ಮರದ ತೊಗಟೆಯಿಂದ ಬರೋದು. ಆ ಮರ ನಮಗೆ ದೂರದ್ದೇನಲ್ಲ. 1860ರ ಹೊತ್ತಿಗೇ ಇಂಗ್ಲಿಷಿನವರು ನೀಲಗಿರಿಯಲ್ಲಿ ಅದನ್ನು ನೆಟ್ಟರು. ನಡುವಟ್ಟದಲ್ಲಿ ಸರ್ಕಾರದ ಕ್ವಿನೈನ್ ಕಾರ್ಖಾನೆಯೂ ಇತ್ತು. ಮದ್ದು ನಮ್ಮ ಬೆಟ್ಟದಲ್ಲೇ ಆಗ್ತಿದ್ದರೂ ದೇಶದ ಪೇಟೆಯಲ್ಲಿ ಸಿಗುವ ಮದ್ದೆಲ್ಲ ನಂಬುವ ಹಾಗಿರಲಿಲ್ಲ. ಕಲಬೆರಕೆ, ತೂಕದಲ್ಲಿ ಕಡಿಮೆ, ಹೆಸರು ಒಂದು ಒಳಗಿರೋದು ಇನ್ನೊಂದು. ಯಾರು ಬೇಕಾದರೂ ಅಂಗಡಿ ಹಾಕಬಹುದಾಗಿತ್ತು, ಯಾರು ಬೇಕಾದರೂ ಮದ್ದು ಬೆರೆಸಬಹುದಾಗಿತ್ತು. ಕಾಂಪೌಂಡರುಗಳಿಗೆ ಅಲ್ಲಲ್ಲಿ ಸಣ್ಣ ಪಾಠಗಳಿದ್ದವು. ಮದರಾಸಿನ ಮೆಡಿಕಲ್ ಕಾಲೇಜಿನಲ್ಲಿ ಹಿಂದಿನ ಶತಮಾನದಲ್ಲೇ ಅಂಥ ತರಗತಿ ಇತ್ತು. ಆದರೆ ಅಲ್ಲಿಗೆ ಹೋಗಿ ಕಲಿತವರು ಎಷ್ಟು ಮಂದಿ, ಹಳ್ಳಿಗೆ ಬಂದವರು ಎಷ್ಟು ಮಂದಿ ಅಂತ ನೀವೇ ಯೋಚಿಸಿ.

ದೆಹಲಿಯ ಶಾಸನಸಭೆಯಲ್ಲಿ 1927ರಲ್ಲಿ ಈ ಮಾತು ಎದ್ದಿತು. 1930ರಲ್ಲಿ ಸರ್ಕಾರ ಕರ್ನಲ್ ಆರ್. ಎನ್. ಚೋಪ್ರಾ ಅವರ ಮುಂದಾಳ್ತನದಲ್ಲಿ ಒಂದು ವಿಚಾರಣಾ ಸಮಿತಿ ಮಾಡಿತು. ಮರುವರ್ಷ ಅವರು ವರದಿ ಕೊಟ್ಟರು. ಮದ್ದಿನ ಗುಣ ನೋಡೋಕೆ ಕಾನೂನು ಬೇಕು, ಮದ್ದು ಕೊಡುವವರಿಗೆ ಸರಿಯಾದ ಓದು ಬೇಕು ಅಂತ ಅದರ ಸಾರ. ಮೊದಲನೆಯದಕ್ಕೆ 1940ರಲ್ಲಿ ಕಾನೂನು ಬಂತು. ಎರಡನೆಯದು ಇನ್ನೂ ತಡವಾಯಿತು.

ಓದಿನ ವಿಷಯದಲ್ಲಿ ಸರ್ಕಾರಕ್ಕೆ ಕಾಯದೆ ಹೊರಟವರು ಮಹದೇವಲಾಲ್ ಶ್ರಾಫ್ ಅನ್ನುವವರು. ಬಿಹಾರದವರು. ಮದನಮೋಹನ ಮಾಳವೀಯರ ಆಸರೆಯಲ್ಲಿ 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಈ ಓದನ್ನು ಶುರು ಮಾಡಿದರು. 1937ರಲ್ಲಿ ಅದು ಬಿ.ಫಾರ್ಮ್ ಆಯಿತು, 1940ರಲ್ಲಿ ಅದರ ಮೇಲಿನ ಎಂ.ಫಾರ್ಮ್ ಕೂಡ ಅಲ್ಲೇ ಶುರುವಾಯಿತು. ಇವತ್ತು ನಮ್ಮ ಹುಡುಗಿ ಅರ್ಜಿ ಹಾಕುತ್ತಿರುವ ಓದಿನ ಬೇರು ಅಲ್ಲಿದೆ. ಆದರೆ ಅಲ್ಲಿ ಕಲಿತವರು ಹೆಚ್ಚಾಗಿ ಮದ್ದು ತಯಾರಿಸುವ ಕಾರ್ಖಾನೆ ಕಡೆಗೆ ಹೋದರು. ರೋಗಿಯ ಮುಂದಿನ ಕಿಂಡಿಯಲ್ಲಿ ನಮ್ಮ ಹಳೇ ಕಾಂಪೌಂಡರೇ ಉಳಿದರು.

ಸ್ವಾತಂತ್ರ್ಯಕ್ಕೆ ಸ್ವಲ್ಪ ಮುಂಚೆ, 1946ರಲ್ಲಿ, ದೇಶದ ಆರೋಗ್ಯಕ್ಕೆ ಏನು ಮಾಡಬೇಕು ಅಂತ ಭೋರ್ ಸಮಿತಿ ದೊಡ್ಡ ವರದಿ ಕೊಟ್ಟಿತು. ಅದರಲ್ಲೂ ಫಾರ್ಮಸಿಸ್ಟರ ಓದಿನ ಮಾತಿದೆ. ಕೊನೆಗೆ 1948ರಲ್ಲಿ ಫಾರ್ಮಸಿ ಕಾಯ್ದೆ ಬಂತು. ಪ್ರತಿ ರಾಜ್ಯದಲ್ಲೂ ಫಾರ್ಮಸಿಸ್ಟರ ಹೆಸರು ಬರೆಯುವ ಒಂದು ಪಟ್ಟಿ, ಅದಕ್ಕೊಂದು ಮಂಡಲಿ, ಇಡೀ ದೇಶಕ್ಕೆ ಓದಿನ ನಿಯಮ ಮಾಡೋಕೆ ಒಂದು ಫಾರ್ಮಸಿ ಕೌನ್ಸಿಲ್.

ಈ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ ಒಂದು ವಿಷಯ ಇದೆ. ಮೊದಲ ಪಟ್ಟಿ ಮಾಡುವಾಗ ಓದಿದವರು ಸಿಗೋದು ಎಲ್ಲಿ? ಅದಕ್ಕೆ ಒಂದು ದಾರಿ ಬಿಟ್ಟರು. ಡಾಕ್ಟರ ಚೀಟಿಯಂತೆ ಮದ್ದು ಬೆರೆಸಿ ಕೊಡುವ ಆಸ್ಪತ್ರೆಯಲ್ಲೋ ಔಷಧಾಲಯದಲ್ಲೋ ಒಟ್ಟು 5 ವರ್ಷಕ್ಕೆ ಕಡಿಮೆಯಿಲ್ಲದೆ ಮದ್ದು ಬೆರೆಸುವ ಕೆಲಸ ಮಾಡಿದವರು, ವಯಸ್ಸು 18 ತುಂಬಿದವರು, ಅರ್ಜಿ ಹಾಕಿ ಪಟ್ಟಿಗೆ ಹೆಸರು ಸೇರಿಸಬಹುದು ಅಂತ. ಅಂದರೆ ನಮ್ಮ ದೇಶದಲ್ಲಿ ಫಾರ್ಮಸಿಸ್ಟ್ ಆಗೋಕೆ ಬಂದ ಮೊದಮೊದಲ ಅರ್ಜಿಗಳಲ್ಲಿ ಮಾರ್ಕು ಬರೆಯದೆ, ಪಕ್ಕದಲ್ಲಿ ನಿಂತು ಕಲಿತ ವರ್ಷಗಳನ್ನೇ ಬರೆದವರೂ ಇದ್ದರು. ನಮ್ಮ ಕಿಂಡಿಯ ಕಾಂಪೌಂಡರಂಥವರು ಎಷ್ಟೋ ಜನ ಹಾಗೆ ಸರ್ಕಾರಿ ಪುಸ್ತಕದಲ್ಲಿ ಹೆಸರು ಪಡೆದರು.

ಆಮೇಲೆ ಆ ಬಾಗಿಲು ಮುಚ್ಚಿತು, ಓದಿನ ಬಾಗಿಲು ತೆರೆಯಿತು. ಕನ್ನಡ ನಾಡಿನ ಕಡೆ 1963ರಲ್ಲಿ ಮಣಿಪಾಲದಲ್ಲಿ, 1964ರಲ್ಲಿ ಬೆಂಗಳೂರಿನಲ್ಲಿ ಸರ್ಕಾರದ ಕಾಲೇಜು, 1973ರಲ್ಲಿ ಮೈಸೂರಿನಲ್ಲಿ ಸುತ್ತೂರು ಮಠದ ಜೆ.ಎಸ್.ಎಸ್. ಕಾಲೇಜು ಶುರುವಾದವು. ಅದೇ ಸುತ್ತೂರಿನವರು 1980ರಲ್ಲಿ ಬೆಟ್ಟ ಹತ್ತಿ ಊಟಿಯಲ್ಲೂ ಒಂದು ಫಾರ್ಮಸಿ ಕಾಲೇಜು ತೆರೆದರು. ತಮಿಳುನಾಡಿನಲ್ಲಿರುವ ನಮ್ಮಂಥ ಕನ್ನಡ ಮನೆಯವರಿಗೆ ಅದು ಹತ್ತಿರದ ಹೆಸರು.

ಈ ಹೊತ್ತಿಗೆ ಕೆಲಸವೇ ಬದಲಾಗಿತ್ತು. ಜಾಡಿ ಹೋಯಿತು, ಅಳತೆ ಗ್ಲಾಸು ಹೋಯಿತು. ಮಾತ್ರೆ ಕಾರ್ಖಾನೆಯಿಂದಲೇ ಪಟ್ಟಿಯಾಗಿ ಬರತೊಡಗಿತು. ಕಚ್ಚು ಕತ್ತರಿಸಿದ ಕಾಗದ ಹೋಗಿ, ಕವರಿನ ಮೇಲೆ ಪೆನ್ನಿನಲ್ಲಿ ಒಂದು, ಸೊನ್ನೆ, ಒಂದು ಅಂತ ಬರೆಯೋದು ಬಂತು. ಬೆರೆಸುವ ಕೆಲಸ ಇಲ್ಲದ ಮೇಲೆ, ಎತ್ತಿ ಕೊಡೋಕೆ ಓದು ಯಾಕೆ ಅಂತ ಜನ ಅಂದುಕೊಂಡರು. ಅಂಗಡಿಯವರೂ ಅಂದುಕೊಂಡರು.

ಕಾನೂನು ಹಾಗೆ ಅಂದುಕೊಳ್ಳಲಿಲ್ಲ. ಡಿಪ್ಲೊಮಾ ಓದಿದವರು ಪಟ್ಟಿಗೆ ಸೇರುವ ಮುಂಚೆ ಆಸ್ಪತ್ರೆಯಲ್ಲೋ ಔಷಧಾಲಯದಲ್ಲೋ ಕನಿಷ್ಠ 3 ತಿಂಗಳಲ್ಲಿ 500 ಗಂಟೆ ತರಬೇತಿ ಮಾಡಬೇಕು, ಅದರಲ್ಲಿ 250 ಗಂಟೆ ಚೀಟಿ ನೋಡಿ ಮದ್ದು ಕೊಡುವ ಕೆಲಸವೇ ಆಗಿರಬೇಕು ಅಂತ 1991ರ ನಿಯಮ ಹೇಳ್ತು. ಹಳೇ 5 ವರ್ಷ ಇಲ್ಲಿ 500 ಗಂಟೆಗೆ ಇಳಿಯಿತು. ಇನ್ನೊಂದು ಆಶ್ಚರ್ಯ ಕೇಳಿ. ನಾಲ್ಕು ವರ್ಷ ಓದುವ ಬಿ.ಫಾರ್ಮಿನವರಿಗೆ ಈಗಿನ ನಿಯಮದಲ್ಲಿ ಇರುವ ಹೊರಗಿನ ತರಬೇತಿ 4 ವಾರ, 150 ಗಂಟೆ. ಅದನ್ನೂ ಆಸ್ಪತ್ರೆಯಲ್ಲೇ ಮಾಡಬೇಕೆಂದಿಲ್ಲ, ಮದ್ದಿನ ಕಾರ್ಖಾನೆಯಲ್ಲಿ ಮಾಡಿದರೂ ಆಯಿತು. ಹೆಚ್ಚು ಓದಿದವರಿಗೆ ರೋಗಿಯ ಹತ್ತಿರ ನಿಲ್ಲುವ ಹೊತ್ತು ಕಡಿಮೆ. “ಇನ್ನೂ ನಿಂತಿಲ್ಲ” ಅಂತ ಅವಳು ಅಂದದ್ದು ಇದಕ್ಕೇ.

ಕಾಗದ ಒಂದು ಕಡೆ, ಮನುಷ್ಯ ಒಂದು ಕಡೆ ಆದರೆ ಏನಾಗುತ್ತೆ ಅನ್ನೋದನ್ನು ನಮ್ಮ ಮನೆಯಲ್ಲೇ ನೋಡಿದ್ದೇವೆ. ಸೀಸೆಯ ಕಚ್ಚು ನೋಡಿ ನನಗೆ ಮದ್ದು ಕುಡಿಸಿದ ಅದೇ ಅವ್ವನಿಗೆ ಈಗ ಎಂಬತ್ತೈದರ ಮೇಲೆ ವಯಸ್ಸು, ಸಕ್ಕರೆ ಕಾಯಿಲೆ. ಸರ್ಕಾರಿ ಆಸ್ಪತ್ರೆಯಲ್ಲಿ ತಿಂಗಳು ತಿಂಗಳು ಮಾತ್ರೆ ಕೊಡ್ತಾರೆ. ತಮಿಳುನಾಡಿನಲ್ಲಿ 1994ರಿಂದ ಇದಕ್ಕೆಂದೇ ಒಂದು ಮೆಡಿಕಲ್ ಸರ್ವೀಸಸ್ ಕಾರ್ಪೊರೇಷನ್ ಇದೆ. ಸಗಟಾಗಿ ಮದ್ದು ಕೊಂಡು ಎಲ್ಲ ಸರ್ಕಾರಿ ಆಸ್ಪತ್ರೆಗೂ ಕಳಿಸ್ತದೆ. ಆ ಮಾತ್ರೆ ಪಟ್ಟಿಯ ಮೇಲೆ ಮದ್ದಿನ ಮೂಲ ಹೆಸರು ಇರುತ್ತೆ, ಕಂಪನಿ ಇಟ್ಟ ಹೆಸರು ಇರೋದಿಲ್ಲ. ಮೂರು ವರ್ಷದ ಹಿಂದೆ ಅವ್ವನಿಗೆ ಕಾಲು ಊತ ಬಂತು ಅಂತ ಖಾಸಗಿ ಡಾಕ್ಟರ ಹತ್ತಿರ ಕರಕೊಂಡು ಹೋದೆ. ಅವರು ಬರೆದ ಚೀಟಿ ಹಿಡಿದು ಒಂದು ಅಂಗಡಿಯಲ್ಲಿ ಮದ್ದು ತಗೊಂಡೆ. ಹಳೇ ಮಾತ್ರೆಯ ವಿಷಯ ನಾನು ಡಾಕ್ಟರಿಗೆ ಹೇಳಲಿಲ್ಲ, ಅದು ನನ್ನ ತಪ್ಪು. ಅಂಗಡಿಯಲ್ಲಿ ಕೊಟ್ಟ ಹುಡುಗ ಬೇರೆ ಏನಾದರೂ ತಿಂತಾರಾ ಅಂತ ಕೇಳಲಿಲ್ಲ. ಗೋಡೆಯ ಮೇಲೆ ಚೌಕಟ್ಟು ಹಾಕಿದ ಸರ್ಟಿಫಿಕೇಟು ಇತ್ತು. ಆ ಹೆಸರಿನವರು ಅಂಗಡಿಯಲ್ಲಿ ಇರಲಿಲ್ಲ.

ನಾಲ್ಕನೇ ದಿನ ಅವ್ವ ಹಿತ್ತಲಲ್ಲಿ ಸೊಪ್ಪು ಕೀಳ್ತಾ ಇದ್ದವಳು ಕುಸಿದುಬಿದ್ದಳು. ಮೈಯೆಲ್ಲ ಬೆವರು, ಮಾತು ತೊದಲು. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಸಕ್ಕರೆ ತೀರ ಇಳಿದುಹೋಗಿದೆ ಅಂತ ಗ್ಲೂಕೋಸ್ ಏರಿಸಿದರು. ಬದುಕಿದಳು. ಯಾಕೆ ಹೀಗಾಯಿತು ಅಂತ ನಮಗೆ ತಿಳಿಯಲಿಲ್ಲ. ನನಗೆ ತಾಳವಾಡಿಯ ಸೋದರಮಾವನ ಮನೆಯಲ್ಲಿದ್ದು ಕಲಿತ ಕನ್ನಡ ಅಕ್ಷರ ಗೊತ್ತು, ಇಲ್ಲಿನ ತಮಿಳು ಅಕ್ಷರ ಗೊತ್ತು. ಮಾತ್ರೆ ಪಟ್ಟಿಯ ಬೆನ್ನ ಮೇಲಿನ ಇಂಗ್ಲಿಷ್ ಸಣ್ಣಕ್ಷರ ನಾನು ಓದಲಾರೆ. ಆ ಶನಿವಾರ ಹಾಸ್ಟೆಲಿನಿಂದ ಬಂದ ತಮ್ಮನ ಮಗಳು ಅವ್ವನ ಮದ್ದಿನ ಚೀಲ ಸುರಿದು, ಒಂದೊಂದೇ ಪಟ್ಟಿ ಸಾಲಾಗಿ ಇಟ್ಟಳು. ಎರಡು ಪಟ್ಟಿ ಎತ್ತಿ ಬೇರೆ ಇಟ್ಟು, “ದೊಡ್ಡಪ್ಪ, ಇದೂ ಅದೂ ಒಂದೇ” ಅಂದಳು. ಸರ್ಕಾರದ ಪಟ್ಟಿಯಲ್ಲಿ ಗ್ಲಿಬೆನ್‌ಕ್ಲಮೈಡ್ ಅಂತ ಇತ್ತು. ಅಂಗಡಿಯ ಪಟ್ಟಿಯಲ್ಲಿ ಕಂಪನಿಯ ಹೆಸರು ದೊಡ್ಡದಾಗಿ, ಗ್ಲಿಬೆನ್‌ಕ್ಲಮೈಡ್ ಅಂತ ಅದರ ಕೆಳಗೆ ಸಣ್ಣದಾಗಿ ಇತ್ತು. ಅವ್ವ ನಾಲ್ಕು ದಿನ ಒಂದೇ ಮದ್ದನ್ನು ಎರಡರಷ್ಟು ತಿಂದಿದ್ದಳು.

ಅಂಗಡಿಯಲ್ಲಿ ಕಲಿತವರೊಬ್ಬರು ಒಂದೇ ಒಂದು ಮಾತು ಕೇಳಿದ್ದರೆ ಇದು ಆಗ್ತಿರಲಿಲ್ಲ. ಹಾಗೆ ಕೇಳೋದೂ ತಿಳಿಹೇಳೋದೂ ಫಾರ್ಮಸಿಸ್ಟರ ಕೆಲಸ ಅಂತ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮದಲ್ಲಿ ಬರೆದೇ ಇದೆಯಂತೆ. ಬರೆದದ್ದನ್ನು ಮಾಡೋಕೆ ಕಲಿಸುವ ಜಾಗ ಬೇಕಲ್ಲ? ಆ ಜಾಗ ಹೇಗೆ ಹುಟ್ಟಿತು ಅನ್ನೋದು ಈ ಚರಿತ್ರೆಯ ಕೊನೇ ಭಾಗ.

ಬೇರೆ ದೇಶಗಳಲ್ಲಿ ಇದನ್ನು ಮುಂಚೆಯೇ ಕಂಡುಕೊಂಡಿದ್ದರು. ಬ್ರಿಟನ್ನಿನಲ್ಲಿ ಫಾರ್ಮಸಿ ಡಿಗ್ರಿ ಮುಗಿಸಿದವರು ಒಂದು ವರ್ಷ ಆಸ್ಪತ್ರೆಯಲ್ಲೋ ಮದ್ದಿನಂಗಡಿಯಲ್ಲೋ ಹಿರಿಯರ ಕೆಳಗೆ ಸಂಬಳಕ್ಕೆ ಕೆಲಸ ಮಾಡಿ, ಆಮೇಲೆ ಪರೀಕ್ಷೆ ಬರೆದರೇನೇ ಹೆಸರು ಪಟ್ಟಿಗೆ ಏರುವುದು. ನಮ್ಮಲ್ಲಿ 1990ರ ದಶಕದ ಕೊನೆಯ ಹೊತ್ತಿಗೆ ಮೈಸೂರು ಮತ್ತು ಊಟಿಯ ಜೆ.ಎಸ್.ಎಸ್. ಕಾಲೇಜುಗಳಲ್ಲಿ, ಆಸ್ಟ್ರೇಲಿಯಾದ ಫಾರ್ಮಸಿಸ್ಟರ ನೆರವು ಪಡೆದು, ಫಾರ್ಮಸಿ ಪ್ರಾಕ್ಟೀಸ್ ಅನ್ನುವ ಎಂ.ಫಾರ್ಮ್ ಶುರು ಮಾಡಿದರು. ಡಾಕ್ಟರ ಜೊತೆ ವಾರ್ಡಿನಲ್ಲಿ ಸುತ್ತಿ, ರೋಗಿಯ ಎಲ್ಲ ಮದ್ದನ್ನೂ ಒಟ್ಟಿಗೆ ಇಟ್ಟು ನೋಡುವ ಓದು ಅದು. ನಮ್ಮ ಹುಡುಗಿ ಜಗುಲಿಯ ಮೇಲೆ ಅಜ್ಜಿಯ ಚೀಲ ಸುರಿದು ಮಾಡಿದ್ದೇ ಅದು.

2008ರಲ್ಲಿ ಫಾರ್ಮಸಿ ಕೌನ್ಸಿಲು ಫಾರ್ಮ್.ಡಿ. ಅನ್ನುವ ಹೊಸ ಓದು ತಂದಿತು. ಪಿ.ಯು. ಆದವರಿಗೆ 6 ವರ್ಷ. ಬಿ.ಫಾರ್ಮ್ ಆದವರು ನೇರ ನಾಲ್ಕನೇ ವರ್ಷಕ್ಕೆ ಸೇರಿ 3 ವರ್ಷದಲ್ಲಿ ಮುಗಿಸಬಹುದು. ಎರಡಕ್ಕೂ ಕೊನೆಯ ಒಂದು ವರ್ಷ ಪೂರಾ ಆಸ್ಪತ್ರೆ. 6 ತಿಂಗಳು ಜನರಲ್ ಮೆಡಿಸಿನ್ ವಿಭಾಗ, ಉಳಿದ 6 ತಿಂಗಳು ಬೇರೆ ಮೂರು ವಿಭಾಗದಲ್ಲಿ ಎರಡೆರಡು ತಿಂಗಳು. ಕಾಲೇಜಿಗೆ 300 ಹಾಸಿಗೆಯ ಆಸ್ಪತ್ರೆಯಾದರೂ ಇರಬೇಕು, ಸ್ವಂತದ್ದೋ ಒಪ್ಪಂದದ್ದೋ. ಆದರೆ ಬಿ.ಫಾರ್ಮ್ ಆದವರಿಗೆ ಆ ನಿಯಮ ಇಟ್ಟ ಜಾಗ ಒಂದು ಕಾಲೇಜಿಗೆ 10 ಮಾತ್ರ.

ಈಗ ಅರ್ಜಿಯ ಸಂಗತಿ. ಎಂ.ಫಾರ್ಮಿಗೆ ಜಿಪ್ಯಾಟ್ ಅನ್ನುವ ದೇಶಕ್ಕೆಲ್ಲ ಒಂದೇ ಪರೀಕ್ಷೆ ಇದೆ. 2010ರಿಂದ ಎ.ಐ.ಸಿ.ಟಿ.ಇ. ನಡೆಸ್ತಿತ್ತು, 2019ರಿಂದ ಎನ್.ಟಿ.ಎ., 2024ರಿಂದ ವೈದ್ಯಕೀಯ ಪರೀಕ್ಷೆಗಳ ರಾಷ್ಟ್ರೀಯ ಮಂಡಲಿ. ಅದರಲ್ಲಿ ಅರ್ಹತೆ ಪಡೆದು ಮಾನ್ಯತೆ ಇರುವ ಕಾಲೇಜಿಗೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವೇತನ ಇದೆ. ಫಾರ್ಮ್.ಡಿ.ಗೆ ಆ ವೇತನ ಇಲ್ಲ. ಕಾಲೇಜುಗಳು ತಮ್ಮ ತಮ್ಮ ವಿಶ್ವವಿದ್ಯಾಲಯದ ನಿಯಮದಂತೆ ಸೇರಿಸಿಕೊಳ್ತವೆ. ಹೀಗಾಗಿ ಒಂದೊಂದು ಕಡೆಗೂ ಬೇರೆ ಅರ್ಜಿ, ಬೇರೆ ಶುಲ್ಕ, ಬೇರೆ ಕೊನೇ ದಿನ. ಅಂಕಪಟ್ಟಿ, ಫಾರ್ಮಸಿಸ್ಟ್ ಪಟ್ಟಿಯ ಸರ್ಟಿಫಿಕೇಟು, ಜಾತಿ ಪತ್ರ, ಟಿ.ಸಿ., ಎಲ್ಲಕ್ಕೂ ನಾಲ್ಕು ನಾಲ್ಕು ನಕಲು. “ಈ ಓದು ಯಾಕೆ ಬೇಕು” ಅಂತ ಒಂದು ಪುಟ ಬರೆಯೋಕೂ ಒಂದು ಕಡೆ ಕೇಳಿದ್ದರು. ಅದನ್ನು ಬರೆಯೋಕೆ ಅವಳು ಮೂರು ರಾತ್ರಿ ತಗೊಂಡಳು. ಮೊದಲು ಬರೆದದ್ದನ್ನು ನನಗೆ ಕನ್ನಡದಲ್ಲಿ ಹೇಳಿದಳು. ಸೇವೆ, ಸಾಧನೆ, ಗುರಿ ಅಂತ ದೊಡ್ಡ ದೊಡ್ಡ ಮಾತಿತ್ತು. “ಅಜ್ಜಿ ಬಿದ್ದದ್ದನ್ನು ಬರಿಯಮ್ಮಾ, ಸಾಕು” ಅಂದೆ. ಅದನ್ನೇ ಬರೆದಳು.

ಮನೆಯಲ್ಲಿ ಎಲ್ಲರೂ ಒಪ್ಪಲಿಲ್ಲ. ತಮ್ಮನ ಮಗ್ಗಗಳು ಎರಡು ವರ್ಷದಿಂದ ಅರ್ಧ ದಿನ ನಿಂತೇ ಇರ್ತವೆ. ಅವನು ಹೇಳಿದ್ದು ತಪ್ಪು ಅಂತ ನಾನು ಅನ್ನಲಾರೆ. “ಅಣ್ಣಾ, ಇನ್ನೂ ಮೂರು ವರ್ಷದ ಫೀಸು ಎಲ್ಲಿಂದ ತರಲಿ? 2025ರ ಫೆಬ್ರವರಿಯಲ್ಲಿ ಸರ್ಕಾರ ಸಾವಿರ ಕಡೆ ಮುದಲ್ವರ್ ಮರುಂದಗಂ ತೆರೀತು. ಬಿ.ಫಾರ್ಮ್ ಆದವರಿಗೆ ಮೂರು ಲಕ್ಷ ನೆರವೂ ಕೊಟ್ಟಿದ್ದಾರೆ. ಮತ್ತೆ ಕರೆದರೆ ಅದಕ್ಕೇ ಅರ್ಜಿ ಹಾಕಲಿ” ಅಂದ. ಅದು ಮರ್ಯಾದೆಯ ದಾರಿಯೇ. ಆದರೆ ಅದೇ ವಾರ ಇನ್ನೊಬ್ಬರು ಮನೆಗೆ ಬಂದರು. ಒಂದು ಮದ್ದಿನಂಗಡಿಯ ಕಡೆಯವರು. ಹುಡುಗಿ ಬರೋದೇ ಬೇಡ, ಸರ್ಟಿಫಿಕೇಟು ಮಾತ್ರ ಕೊಟ್ಟರೆ ಸಾಕು, ಗೋಡೆಗೆ ಹಾಕ್ತೇವೆ, ತಿಂಗಳಿಗೆ ಇಷ್ಟು ಅಂತ ಮನೆಗೇ ತಲುಪಿಸ್ತೇವೆ ಅಂದರು. ತಮ್ಮ ತಲೆ ತಗ್ಗಿಸಿಕೊಂಡು ಕೂತಿದ್ದ. ಅವನು ಬೇಡ ಅನ್ನಲೂ ಇಲ್ಲ, ಸರಿ ಅನ್ನಲೂ ಇಲ್ಲ. ಆಗ ಒಳಗಿನಿಂದ ಅವ್ವನೇ, “ನಾನು ಬಿದ್ದಾಗ ಆ ಅಂಗಡಿ ಗೋಡೆ ಮೇಲೂ ಒಂದು ಕಾಗದ ತೂಗ್ತಿತ್ತಲ್ಲಪ್ಪಾ” ಅಂದಳು. ಬಂದವರು ಕಾಫಿ ಕುಡಿದು ಎದ್ದುಹೋದರು.

ಆ ರಾತ್ರಿ ತಮ್ಮನೂ ನಾನೂ ಲೆಕ್ಕ ಹಾಕಿದೆವು. ನನ್ನ ತೋಟದ ತೆಂಗಿನ ಫಸಲನ್ನು ಎರಡು ವರ್ಷಕ್ಕೆ ಗುತ್ತಿಗೆ ಕೊಟ್ಟರೆ ಮೊದಲ ವರ್ಷದ ಫೀಸು ಹೊಂದುತ್ತೆ. ಎಂ.ಫಾರ್ಮ್ ಸಿಕ್ಕಿ ವೇತನ ಬಂದರೆ ಅದೂ ಬೇಕಾಗಲಿಕ್ಕಿಲ್ಲ. ಎರಡಕ್ಕೂ ಅರ್ಜಿ ಹಾಕಲಿ, ಎಲ್ಲಿ ರೋಗಿಯ ಹತ್ತಿರ ನಿಲ್ಲಿಸಿ ಕಲಿಸ್ತಾರೋ ಅಲ್ಲಿಗೆ ಹೋಗಲಿ ಅಂತ ಮಾತಾಯಿತು. ಒಟ್ಟು ಐದು ಕಡೆ ಅರ್ಜಿ ಹೋಗಿದೆ. ಒಂದು ಕಡೆ ಸಂದರ್ಶನಕ್ಕೆ ನಾನೇ ಜೊತೆಗೆ ಹೋಗಿದ್ದೆ. ಹೊರಗಿನ ಬೆಂಚಿನ ಮೇಲೆ ನನ್ನ ಹಾಗೇ ಚೀಲ ಮಡಿಲಲ್ಲಿಟ್ಟುಕೊಂಡು ಇಪ್ಪತ್ತು ಮೂವತ್ತು ಜನ ಅಪ್ಪ ಅಮ್ಮಂದಿರು ಕೂತಿದ್ದರು. ಜಾಗ ಹತ್ತು. ಯಾರೂ ಯಾರ ಜೊತೆಯೂ ಹೆಚ್ಚು ಮಾತಾಡಲಿಲ್ಲ. ಈ ಲೇಖನ ಬರೆದು ಕೊಡುವ ಹೊತ್ತಿಗೆ ಪಟ್ಟಿ ಇನ್ನೂ ಬಂದಿಲ್ಲ.

ಓದುವ ಮನೆಗೆ ಬರುವ ನಮ್ಮೂರಿನವರಿಗೆ ನನ್ನದೊಂದು ಮಾತು. ಮದ್ದಿನಂಗಡಿಗೆ ಹೋದಾಗ ಗೋಡೆಯ ಮೇಲಿನ ಹೆಸರು ಓದಿ. ಓದೋಕೆ ಬಾರದಿದ್ದರೆ ಮಕ್ಕಳ ಕೈಲಿ ಓದಿಸಿ. ಆ ಹೆಸರಿನವರು ಯಾರು ಅಂತ ಕೇಳಿ, ಅವರ ಕೈಯಿಂದಲೇ ಮದ್ದು ತಗೊಳ್ಳಿ. ಮನೆಯಲ್ಲಿ ತಿನ್ನುವ ಎಲ್ಲ ಮಾತ್ರೆಯನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಅವರ ಮುಂದೆ ಸುರಿದು ತೋರಿಸಿ. ಅವ್ವನಿಗೆ ನಾವು ಈಗ ಹಾಗೇ ಮಾಡ್ತಿದ್ದೇವೆ. ಹುಡುಗಿ ಮಾತ್ರೆ ಪಟ್ಟಿಗಳ ಮೇಲೆ ಕಾಗದದ ಚೂರು ಅಂಟಿಸಿದ್ದಾಳೆ. ಬೆಳಗಿನದಕ್ಕೆ ಒಂದು ಕಚ್ಚು, ರಾತ್ರಿಯದಕ್ಕೆ ಎರಡು ಕಚ್ಚು.